ಬಿಟ್ಟದ್ದಲ್ಲ, ಬಿಡಿಸಿದ್ದು

2020ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರೋಡಿನಲ್ಲಿ ಜನವಿರಲಿಲ್ಲ. ಕೊರೋನಾ ನಿಷೇಧಾಜ್ಞೆ. ಎಂ.ಜಿ. ರೋಡು, ಚರ್ಚ್ ಸ್ಟ್ರೀಟು, ಇಂದಿರಾನಗರ, ಎಲ್ಲ ಕಡೆ ಬ್ಯಾರಿಕೇಡು, ಪೊಲೀಸರು. ಬ್ರೌಸರಿನಲ್ಲಿ ವಿಡಿಯೋ, ಆಟ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ನ ಕೊನೆಯ ದಿನವೂ ಅದೇ ಆಗಿತ್ತು. ಅಡೋಬಿ ಕಂಪನಿ 2017ರ ಜುಲೈನಲ್ಲೇ ಗಡುವು ಹೇಳಿಬಿಟ್ಟಿತ್ತು: 2020ರ ಕೊನೆಗೆ ಮುಗಿಯಿತು, ಆಮೇಲೆ ರಿಪೇರಿಯಿಲ್ಲ.

ಇದೇ ಬ್ರಿಗೇಡ್ ರೋಡಿನಲ್ಲಿ 1996ರಲ್ಲಿ ಕಾಫಿ ಡೇಯ ಮೊದಲ ಅಂಗಡಿ ಬಾಗಿಲು ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಇಂಟರ್ನೆಟ್ಟೂ ಸಿಗುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ಫ್ಯೂಚರ್‌ಸ್ಪ್ಲಾಶ್ ಎನ್ನುವ ಹೆಸರಿನಲ್ಲಿ ಫ್ಲ್ಯಾಶ್ ಹುಟ್ಟಿತು. ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಹೆಸರು ಮೊಟಕು ಮಾಡಿತು, 2005ರಲ್ಲಿ ಆ ಕಂಪನಿಯನ್ನೇ ಅಡೋಬಿ ಕೊಂಡಿತು. ಹುಟ್ಟಿದ ವರ್ಷಕ್ಕೂ ಸತ್ತ ದಿನಕ್ಕೂ ಒಂದೇ ರಸ್ತೆ ಸಾಕ್ಷಿ ಎಂದು ಬರೆಯಬಹುದು. ಆದರೆ ಆ ರಸ್ತೆಗೆ ಎರಡರ ಸುದ್ದಿಯೂ ಗೊತ್ತಿರಲಿಲ್ಲ.

ಇದೇ ನನಗೆ ಬಗೆಹರಿಯದ್ದು. ಒಂದು ಕಾಲಕ್ಕೆ ಇಂಟರ್ನೆಟ್ ಇದ್ದ ಹೆಚ್ಚುಕಮ್ಮಿ ಪ್ರತಿ ಕಂಪ್ಯೂಟರಿನಲ್ಲೂ ಕೂತಿದ್ದ ಒಂದು ವಸ್ತು ಎದ್ದು ಹೋದರೆ ಯಾರಾದರೂ ಒಬ್ಬರು ‘ಅಯ್ಯೋ’ ಅನ್ನಬೇಡವೆ? ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗೆ ಸಿಕ್ಕವರನ್ನು ಕೇಳುತ್ತ ಹೋದೆ.

*

ಶಿವಾಜಿನಗರ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಗಲ್ಲಿ. ಹಿಂದೆ ಬ್ರೌಸಿಂಗ್ ಸೆಂಟರ್ ಆಗಿದ್ದ ಜಾಗ ಈಗ ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ, ಆಧಾರ್ ಪ್ರಿಂಟು. ಕ್ಯಾಬಿನ್ನುಗಳ ಪ್ಲೈವುಡ್ಡೇ ಈಗ ಕೌಂಟರ್ ಆಗಿದೆ. ಮಾಲೀಕರನ್ನು ಕೇಳಿದೆ: ಭಾಯ್, ಫ್ಲ್ಯಾಶ್ ಪ್ಲೇಯರ್ ನೆನಪಿದೆಯಾ?

ಸ್ವಲ್ಪ ಹೊತ್ತು ಯೋಚಿಸಿದರು. “ಸ್ಕ್ರೀನ್ ಮಧ್ಯ ಬೂದಿ ಬಣ್ಣದ್ದು, ಪಜಲ್ ತುಂಡು ಥರ ಬರ್ತಿತ್ತಲ್ಲ, ಅದಾ ಸಾರ್? ಅದು ಬಂದ್ರೆ ಹುಡುಗರು ಒಳಗಿಂದ ಕೂಗೋರು. ನಾನು ಹೋಗಿ ಓಕೆ, ಓಕೆ, ಓಕೆ ಒತ್ತಿ ಬರ್ತಿದ್ದೆ.”

ಯಾವುದಕ್ಕೆ ಓಕೆ?

“ಅದೆಲ್ಲ ಯಾರು ಓದ್ತಾರೆ ಸಾರ್. ಒತ್ತಿದ್ರೆ ಓಡ್ತಿತ್ತು.”

ಓಡುತ್ತಿದ್ದದ್ದು ಯೂಟ್ಯೂಬು, ಸ್ಟಿಕ್ ಕ್ರಿಕೆಟ್ಟು, ಮಿನಿಕ್ಲಿಪ್ಪಿನ ಆಟಗಳು. ಅವರ ಪಾಲಿಗೆ ಅವೆಲ್ಲ ಬೇರೆಬೇರೆ ವಸ್ತುಗಳು. ಎಲ್ಲದರ ಅಡಿಯಲ್ಲಿ ಒಂದೇ ಯಂತ್ರ ತಿರುಗುತ್ತಿತ್ತು ಎಂದು ನಾನು ಹೇಳಿದಾಗ ಮರ್ಯಾದೆಗೆ ತಲೆಯಾಡಿಸಿದರು. ಇರುವುದೇ ಗೊತ್ತಿಲ್ಲದ ಮೇಲೆ ಹೋದದ್ದು ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತನ್ನು ಅವರೇ ನೆನಪಿಸಿಕೊಂಡರು. ವೈರಸ್ ಕಾಟ ತಡೆಯಲು ಎಲ್ಲ ಮಷೀನಿಗೂ ಡೀಪ್ ಫ್ರೀಝ್ ಹಾಕಿಸಿದ್ದರಂತೆ. ಗಿರಾಕಿ ಏನೇ ಗಲೀಜು ಮಾಡಿಹೋಗಲಿ, ರೀಸ್ಟಾರ್ಟ್ ಮಾಡಿದರೆ ಮಷೀನು ಮೊದಲಿದ್ದ ಹಾಗೇ ಎದ್ದು ಕೂರುತ್ತಿತ್ತು. ಆಗ ಜಾಣತನವೆನಿಸಿದ ಏರ್ಪಾಡು. ಆದರೆ ಫ್ಲ್ಯಾಶ್‌ಗೆ ಹಗಲು ಹಾಕಿದ ತೇಪೆಯೂ ರಾತ್ರಿಯ ರೀಸ್ಟಾರ್ಟಿನಲ್ಲಿ ಉದುರಿಹೋಗುತ್ತಿತ್ತು. ಬೆಳಿಗ್ಗೆ ಮತ್ತೆ ಹಳೇ ಫ್ಲ್ಯಾಶು, ಹಳೇ ತೂತು, ಮತ್ತೆ ಅಪ್‌ಡೇಟ್ ಕೇಳುವ ಡಬ್ಬಿ, ಮತ್ತೆ ಓಕೆ. ಕಾವಲಿಗೆ ಇಟ್ಟವನೇ ಪ್ರತಿದಿನ ಅದೇ ಕಿಟಕಿ ತೆರೆದಿಟ್ಟು ಹೋಗುತ್ತಿದ್ದ.

*

ತೂತು ಎಂದರೆ ಏನು ಎನ್ನುವುದನ್ನು ನನಗಾಗಿಯೇ ಬರೆದಿಟ್ಟುಕೊಳ್ಳುತ್ತೇನೆ. ಬ್ರೌಸರಿಗೆ ಮೊದಲು ಬರೀ ಅಕ್ಷರ, ಚಿತ್ರ ತೋರಿಸಲು ಬರುತ್ತಿತ್ತು. ವಿಡಿಯೋ, ಆಟ, ಕುಣಿಯುವ ಬೊಂಬೆ ಬೇಕಿದ್ದರೆ ಹೊರಗಿನ ಒಂದು ಪ್ರೋಗ್ರಾಮನ್ನು ಅದರೊಳಗೆ ಚುಚ್ಚಬೇಕು. ಅದೇ ಪ್ಲಗಿನ್. ಪುಟ ಯಾರದ್ದೇ ಇರಲಿ, ಅಲ್ಲಿಂದ ಬಂದ ಫೈಲನ್ನು ಅದು ಬಿಚ್ಚಿ ಓಡಿಸುತ್ತದೆ, ಅದೂ ನಿಮ್ಮ ಕಂಪ್ಯೂಟರಿನಲ್ಲಿ ನಿಮಗಿರುವ ಅಧಿಕಾರದಲ್ಲೇ. ಬಿಚ್ಚುವಾಗ ಒಂದು ಲೆಕ್ಕ ತಪ್ಪಿದರೆ ಸಾಕು, ಫೈಲು ಕಳಿಸಿದವನು ಒಳಗೆ. 2015ರ ಒಂದೇ ವರ್ಷ ಫ್ಲ್ಯಾಶ್‌ನಲ್ಲಿ ದಾಖಲಾದ ಇಂಥ ದೋಷಗಳು ಮುನ್ನೂರಕ್ಕೂ ಹೆಚ್ಚು.

ನಮ್ಮ ಊರಿಗೆ ತಾಗಿದ ಒಂದು ಪ್ರಕರಣ ಇದೆ. ತಾಗಿದ್ದು ಊರಿಗೆ ಗೊತ್ತಾಗಲಿಲ್ಲ, ಅಷ್ಟೆ. 2011ರ ಮಾರ್ಚ್‌ನಲ್ಲಿ ಆರ್‌ಎಸ್‌ಎ ಎಂಬ ಅಮೆರಿಕದ ಭದ್ರತಾ ಕಂಪನಿಗೆ ಕನ್ನ ಬಿತ್ತು. ಅಲ್ಲಿನ ಉದ್ಯೋಗಿಗಳಿಗೆ ಬಂದ ಒಂದು ಇಮೇಲಿನಲ್ಲಿ ಆ ವರ್ಷದ ನೇಮಕಾತಿ ಯೋಜನೆ ಎಂಬ ಹೆಸರಿನ ಎಕ್ಸೆಲ್ ಫೈಲಿತ್ತು. ಮೇಲ್ ಸರ್ವರ್ ಅದನ್ನು ಜಂಕ್‌ಗೆ ತಳ್ಳಿದ್ದರೂ ಒಬ್ಬರು ಅಲ್ಲಿಂದ ಎತ್ತಿ ತೆರೆದರು. ಎಕ್ಸೆಲ್ ಹಾಳೆಯೊಳಗೆ ಒಂದು ಫ್ಲ್ಯಾಶ್ ತುಣುಕು ಅಡಗಿತ್ತು. ಬ್ರೌಸರಿನ ಮಾತೇ ಇಲ್ಲ, ಲೆಕ್ಕದ ಹಾಳೆಯೊಳಗೆ ಫ್ಲ್ಯಾಶ್ ಓಡುವುದಾದರೂ ಯಾಕೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಕಳ್ಳರು ಹೊತ್ತುಕೊಂಡು ಹೋದದ್ದು ಸೆಕ್ಯೂರ್‌ಐಡಿ ಟೋಕನ್‌ಗಳಿಗೆ ಸಂಬಂಧಿಸಿದ ಮಾಹಿತಿಯನ್ನು. ಕೀ ಚೈನಿನಷ್ಟು ಗಾತ್ರದ, ನಿಮಿಷಕ್ಕೊಮ್ಮೆ ಅಂಕಿ ಬದಲಾಗುವ ಆ ಟೋಕನ್ ಗೊತ್ತಲ್ಲ? ಆಗ ಬೆಂಗಳೂರಿನ ಎಷ್ಟೋ ಐಟಿಯವರ ಬಳಿ ಐಡಿ ಕಾರ್ಡಿನ ಜೊತೆಗೇ ಅದೂ ಇರುತ್ತಿತ್ತು. ಅದೇ ವರ್ಷದ ಜೂನ್‌ನಲ್ಲಿ ಟೋಕನ್ ಬದಲಾಯಿಸಿಕೊಡುತ್ತೇವೆ ಎಂದು ಕಂಪನಿ ಒಪ್ಪಿಕೊಂಡಿತು.

ಹೊಸ ಟೋಕನ್ ಕೊಟ್ಟದ್ದನ್ನು ನೆನಪಿಟ್ಟುಕೊಂಡ ಒಬ್ಬರು ಹಲಸೂರಿನಲ್ಲಿ ಸಿಕ್ಕರು. ಯಾಕೆ ಕೊಟ್ಟರು ಎಂದು ಕೇಳಿದರೆ, “ಬ್ಯಾಟರಿ ಮುಗಿದಿರಬೇಕು ಅಂದ್ಕೊಂಡಿದ್ದೆ.”

*

ಹಾಗಾದರೆ ಫ್ಲ್ಯಾಶನ್ನು ಹೊರಗಟ್ಟಿದವರು ಯಾರು? ನಾವಂತೂ ಅಲ್ಲ.

2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಐಫೋನಿಗೆ ಇದು ಬೇಡ ಎಂದರು. ಆಗ ಇಲ್ಲಿ ಐಫೋನ್ ಇಟ್ಟುಕೊಂಡವರು ಎಷ್ಟು ಜನ? 2011ರಲ್ಲಿ ಅಡೋಬಿಯೇ ಮೊಬೈಲಿನ ಫ್ಲ್ಯಾಶ್ ಕೈಬಿಟ್ಟಿತು. 2015ರ ಜನವರಿಯಲ್ಲಿ ಯೂಟ್ಯೂಬು ಫ್ಲ್ಯಾಶ್ ಬಿಟ್ಟು ಎಚ್‌ಟಿಎಂಎಲ್5 ಹಿಡಿಯಿತು. ಅಂದರೆ ವಿಡಿಯೋ ಓಡಿಸುವ ವಿದ್ಯೆಯನ್ನು ಬ್ರೌಸರೇ ಕಲಿತಿತ್ತು, ಹೊರಗಿನವನನ್ನು ಕರೆಯುವ ಅಗತ್ಯವೇ ಉಳಿಯಲಿಲ್ಲ. ಅದೇ ವರ್ಷದ ಜುಲೈನಲ್ಲಿ, ಸರ್ಕಾರಗಳಿಗೆ ಬೇಹುಗಾರಿಕೆಯ ಸಾಧನ ಮಾರುತ್ತಿದ್ದ ಇಟಲಿಯ ಹ್ಯಾಕಿಂಗ್ ಟೀಮ್ ಎಂಬ ಕಂಪನಿಗೇ ಕನ್ನ ಬಿತ್ತು. ಅಡೋಬಿಗೇ ಗೊತ್ತಿಲ್ಲದ ಫ್ಲ್ಯಾಶ್ ತೂತುಗಳು ಅವರ ಗಂಟಿನಲ್ಲಿದ್ದವು. ಫೇಸ್‌ಬುಕ್ಕಿನ ಭದ್ರತಾ ಮುಖ್ಯಸ್ಥ ಅಲೆಕ್ಸ್ ಸ್ಟಾಮೋಸ್, ಫ್ಲ್ಯಾಶ್‌ನ ಸಾವಿಗೆ ಒಂದು ತಾರೀಖು ಇಡಿ ಎಂದು ಬಹಿರಂಗವಾಗಿ ಕೇಳಿದರು. ಫೈರ್‌ಫಾಕ್ಸ್ ಬ್ರೌಸರ್ ಫ್ಲ್ಯಾಶ್‌ಗೆ ತಾತ್ಕಾಲಿಕವಾಗಿ ಬಾಗಿಲು ಹಾಕಿತು.

ಆಮೇಲಿನದು ಹಂತಹಂತವಾಗಿ ಹಿಂಡಿದ ಕಥೆ. ಮೊದಲು ತಾನಾಗಿ ಓಡುತ್ತಿತ್ತು. ನಂತರ ಒತ್ತಿದರೆ ಮಾತ್ರ. ನಂತರ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿ ಅನುಮತಿ ಕೊಟ್ಟರೆ ಮಾತ್ರ. 2021ರ ಜನವರಿಯಲ್ಲಿ ಕ್ರೋಮ್ 88, ಫೈರ್‌ಫಾಕ್ಸ್ 85 ಬರುವ ಹೊತ್ತಿಗೆ ಆ ಸೆಟ್ಟಿಂಗೇ ಇಲ್ಲ. ಅಡೋಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ಜನವರಿ 12ರಿಂದ ಫ್ಲ್ಯಾಶ್ ತಾನೇ ತನ್ನ ಕೆಲಸ ನಿಲ್ಲಿಸುವ ಹಾಗೆ ಒಳಗೇ ಬರೆದಿಟ್ಟಿತ್ತು.

ಹಳೇ ಮದ್ರಾಸ್ ರೋಡಿನಲ್ಲಿ ಹಲಸೂರಿನಿಂದ ಕೆ.ಆರ್. ಪುರದ ಕಡೆ ಹೋಗುವಾಗ ಬೆನ್ನಿಗಾನಹಳ್ಳಿಯ ಬಳಿ ಗೂಗಲ್ ಕಚೇರಿಯಿದ್ದ ಗಾಜಿನ ಕಟ್ಟಡ ಸಿಗುತ್ತದೆ. ಇನ್ನೂ ಮುಂದೆ ದೂರವಾಣಿನಗರ, ಐಟಿಐ, ಅಂದರೆ 1948ರಲ್ಲಿ ಶುರುವಾದ ನಮ್ಮ ಟೆಲಿಫೋನ್ ಕಾರ್ಖಾನೆ. ಅಲ್ಲಿ ತಯಾರಾದ ಡಯಲ್ ತಿರುಗಿಸುವ ಕಪ್ಪು ಫೋನು ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಈಗಲೂ ಇದೆ. ಲೈನು ಕೊಟ್ಟರೆ ಗಂಟೆ ಬಾರಿಸುತ್ತದೆ. ಅದನ್ನು ಮಾಡಿದ ಕಾರ್ಖಾನೆ ದೂರದಲ್ಲಿ ಕೂತು ಅದರ ಗಂಟೆ ನಿಲ್ಲಿಸಲಾರದು. ಗೂಗಲ್ಲಿನ ಕ್ರೋಮ್ ಮಾತ್ರ ಯಾರನ್ನೂ ಕೇಳದೆ, ಒಂದು ರಾತ್ರಿ ತನ್ನನ್ನು ತಾನು ಬದಲಿಸಿಕೊಂಡು, ಬೆಳಿಗ್ಗೆ ಏನೂ ಆಗದವರಂತೆ ತೆರೆದುಕೊಳ್ಳುತ್ತದೆ. ಇದು ಅಧಿಕಪ್ರಸಂಗವೇ. ಆದರೆ ಕೇಳಿದ್ದಿದ್ದರೆ ನಾವು ಬಿಡುತ್ತಿದ್ದೆವೆ? ಭಾಯ್ ‘ಓಕೆ’ ಒತ್ತಿದ ಹಾಗೆ ನಾವು ‘ಆಮೇಲೆ’ ಒತ್ತಿಕೊಂಡೇ ಇರುತ್ತಿದ್ದೆವು. ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ನಾವು ಫ್ಲ್ಯಾಶ್ ಬಿಟ್ಟವರಲ್ಲ, ನಮ್ಮಿಂದ ಬಿಡಿಸಿದರು.

(ಬೇರೆ ಕಡೆ ಅಷ್ಟು ಸಲೀಸಾಗಲಿಲ್ಲ. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ತನ್ನ ಅರ್ಜಿಗಳು ತೆರೆಯುತ್ತಿಲ್ಲವೆಂದು, ಫ್ಲ್ಯಾಶ್ ಓಡಿಸುವ ತನ್ನದೇ ಬ್ರೌಸರ್ ಹೊರತಂದಿತು. ಸತ್ತವರಿಗೆ ಮನೆ ಕಟ್ಟಿಸಿಕೊಟ್ಟ ಇಲಾಖೆ ಇನ್ನೊಂದನ್ನು ನಾನು ಕೇಳಿಲ್ಲ.)

*

ಇಂದಿರಾನಗರ. ಇಲ್ಲಿ ಕೊನೆಗೂ ‘ಅಯ್ಯೋ’ ಅಂದವರು ಸಿಕ್ಕರು.

ಸಿ.ಎಂ.ಎಚ್. ರೋಡಿನ ಮಹಡಿಗಳಲ್ಲಿ ‘ಮಲ್ಟಿಮೀಡಿಯಾ’ ಎಂಬ ಬೋರ್ಡು ಹೊಳೆಯುತ್ತಿದ್ದ ಕಾಲದಲ್ಲಿ ಕೋರ್ಸು ಮುಗಿಸಿ, ಇ-ಲರ್ನಿಂಗ್ ಕಂಪನಿ ಸೇರಿ, ಹತ್ತಾರು ವರ್ಷ ಫ್ಲ್ಯಾಶ್‌ನಲ್ಲೇ ಅನ್ನ ತಿಂದವರು. ಕೆಲಸವೇನು? ವಿದೇಶದ ಬ್ಯಾಂಕು, ಔಷಧಿ ಕಂಪನಿಗಳ ನೌಕರರಿಗೆ ಪಾಠ ಮಾಡುವ ಬೊಂಬೆಚಿತ್ರ. ಕೋಟು ಹಾಕಿದ ಒಬ್ಬ ಬೊಂಬೆ ಬಂದು, ಬೆಂಕಿ ಬಿದ್ದರೆ ಲಿಫ್ಟ್ ಬಳಸಬೇಡಿ ಎನ್ನುತ್ತದೆ. ಕೆಳಗೆ ‘ನೆಕ್ಸ್ಟ್’ ಬಟನ್ನು.

ಫ್ಲ್ಯಾಶ್ ಹೋಗುತ್ತದೆ ಎಂದಾಗ ಕೆಲಸ ಹೋಗಿರಬೇಕಲ್ಲ ಮೇಡಂ ಅಂದೆ. ಅವರು ನಕ್ಕರು. “ಅಯ್ಯೋ, ಹೋಗೋದಾ? ಆಗಲೇ ಜಾಸ್ತಿ ಆಯ್ತು. ಹತ್ತು ವರ್ಷದಲ್ಲಿ ಮಾಡಿದ್ದನ್ನೆಲ್ಲ ಎಚ್‌ಟಿಎಂಎಲ್5ಗೆ ಬದಲಾಯಿಸಿ ಕೊಡಿ ಅಂತ ಅದೇ ಕ್ಲೈಂಟುಗಳು ವಾಪಸ್ ಬಂದ್ರು. ನಾನೇ ಮಾಡಿದ ಬೊಂಬೆನ ನಾನೇ ಬಿಚ್ಚಿ ಮತ್ತೆ ಕಟ್ಟಿದೆ.” ಅಂದರೆ ಆ ಅಯ್ಯೋ ದುಃಖದ್ದಲ್ಲ, ಸುಸ್ತಿನದು. ಫ್ಲ್ಯಾಶ್‌ನ ಬದುಕಿನಂತೆ ಅದರ ಸಾವೂ ಈ ಊರಿಗೆ ಸಂಬಳ ಕೊಟ್ಟಿತು. ಕನ್ವರ್ಷನ್ ಕೆಲಸ ಮುಗಿದ ಮೇಲಿನ ಕಥೆಯನ್ನು ಅವರೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಬಿಡುವಿನಲ್ಲಿ ಅವರು ಕನ್ನಡದ ಶಿಶುಗೀತೆಗಳ ಒಂದು ಸಿ.ಡಿ.ಗೂ ಕೆಲಸ ಮಾಡಿದ್ದರು. ಅದರ ವಿವರ ಕೇಳಿದ ಮೇಲೆ ನನ್ನ ಗೊಂದಲ ಇನ್ನೂ ಹೆಚ್ಚಾಗಿದೆ. 2008ರಲ್ಲಿ ಹತ್ತನೇ ಆವೃತ್ತಿ ಬರುವವರೆಗೂ ಫ್ಲ್ಯಾಶ್‌ಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಯೂನಿಕೋಡ್ ಕನ್ನಡ ಹಾಕಿದರೆ ವ್ಯಂಜನ ಒಂದು ಕಡೆ, ಒತ್ತು ಇನ್ನೊಂದು ಕಡೆ. ಹಾಗಾಗಿ ನುಡಿ ಅಥವಾ ಶ್ರೀಲಿಪಿಯ ಫಾಂಟಿನಲ್ಲಿ ಟೈಪ್ ಮಾಡಿ, ಪದವನ್ನು ಆರಿಸಿ, ಕಂಟ್ರೋಲ್ ಬಿ ಎರಡು ಸಲ ಒತ್ತಬೇಕು. ಮೊದಲ ಸಲಕ್ಕೆ ಪದ ಒಡೆದು ಬಿಡಿ ಅಕ್ಷರವಾಗುತ್ತದೆ. ಎರಡನೇ ಸಲಕ್ಕೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಗೆರೆಯಿಂದ ಬರೆದ ಆಕಾರವಾಗುತ್ತದೆ. ಇನ್ನು ಫಾಂಟು ಇಲ್ಲದ ಕಂಪ್ಯೂಟರಿನಲ್ಲೂ ‘ಅಕ್ಕ’ ಅಕ್ಕನಾಗಿಯೇ ಕಾಣುತ್ತಾಳೆ. ಆದರೆ ತಪ್ಪಾಗಿದ್ದರೆ ತಿದ್ದುವಂತಿಲ್ಲ, ಹುಡುಕಿದರೆ ಸಿಗುವುದಿಲ್ಲ, ಕುರುಡರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಕನ್ನಡವೇ ಇಲ್ಲ.

ಅವರ ಹಳೇ ಹಾರ್ಡ್ ಡಿಸ್ಕಿನಲ್ಲಿದ್ದ, ಆ ಸಿ.ಡಿ.ಯ ಒಂದು ಫೈಲನ್ನು ರಫಲ್‌ನಲ್ಲಿ ತೆರೆದು ನೋಡಿದೆವು. ರಫಲ್ ಎಂದರೆ ಫ್ಲ್ಯಾಶ್‌ನ ವೇಷ ಹಾಕುವ ಹೊಸ ತಂತ್ರಾಂಶ. ರಸ್ಟ್ ಭಾಷೆಯಲ್ಲಿ ಬರೆದದ್ದು, ಬ್ರೌಸರಿನ ಕಟ್ಟುಪಾಡು ಮೀರದೆ ಒಳಗೇ ಓಡುತ್ತದೆ. 2020ರ ನವೆಂಬರಿನಿಂದ ಇಂಟರ್ನೆಟ್ ಆರ್ಕೈವ್ ಇದನ್ನೇ ಬಳಸಿ ಹಳೇ ಫ್ಲ್ಯಾಶ್ ಆಟ, ಚಿತ್ರಗಳನ್ನು ಓಡಿಸಿ ತೋರಿಸುತ್ತಿದೆ. ಮೇಡಂ ಅವರ ಫೈಲು ತೆರೆಯಿತು, ಆನೆ ಬಂತು, ಸೊಂಡಿಲೆತ್ತಿತು. ಕನ್ನಡದ ಸಾಲುಗಳು ಒಂದು ಒತ್ತೂ ತಪ್ಪದೆ ಮೂಡಿದವು. ಆ ಸಿ.ಡಿ. ಮಾಡಿದ ಕಾಲದಲ್ಲೇ, ಅದೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ನನ್ನ ಪತ್ರಗಳು ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಒಡೆದು ಹಾಕಿದ ಅಕ್ಷರ ಉಳಿಯಿತು, ಜೋಪಾನ ಮಾಡಿದ್ದು ಕೆಟ್ಟಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯದು.

*

ಫಾರ್ಮ್‌ವಿಲ್ ನೆನಪಿದೆಯೆ? 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ಹೊಲ ಉಳುವ ಆಟ. ಅದನ್ನು ಮಾಡಿದ ಝಿಂಗಾ ಮರುವರ್ಷ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಫ್ಲ್ಯಾಶ್ ಮೇಲೆ ನಿಂತಿದ್ದ ಆ ಆಟವೂ 2020ರ ಡಿಸೆಂಬರ್ 31ಕ್ಕೇ ಮುಚ್ಚಿತು. ನಿಜವಾದ ಹೊಲಗಳು ಲೇಔಟ್ ಆಗುತ್ತಿದ್ದ ಹೊತ್ತಿನಲ್ಲಿ ಕೆ.ಆರ್. ಪುರದ ಆಸುಪಾಸಿನವರು ಕೂಡ ರಾತ್ರಿ ಎದ್ದು ಅದರಲ್ಲಿ ಸ್ಟ್ರಾಬೆರಿ ಕೊಯ್ಯುತ್ತಿದ್ದರು. ಇದರ ಬಗ್ಗೆ ಇನ್ನು ಬರೆಯುವುದಕ್ಕೆ ಏನೂ ಇಲ್ಲ.

*

ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಶಾಲೆ. ಕಂಪ್ಯೂಟರ್ ಕೋಣೆಯ ಕಿಟಕಿಗೆ ಹಳೇ ಸೀರೆ. 2021ರ ಜನವರಿ 1ರಂದು, ಅಂದರೆ ಫ್ಲ್ಯಾಶ್ ಸತ್ತ ಮರುದಿನ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ರಾಜ್ಯದಲ್ಲಿ ಶಾಲೆ ಮತ್ತೆ ತೆರೆಯಿತು. ಪಾಠಗಳು ಫ್ಲ್ಯಾಶ್‌ನಲ್ಲೇ ಇದ್ದುದರಿಂದ ಇಲ್ಲೇನಾದರೂ ಗಡಿಬಿಡಿ ಆಗಿರಬೇಕು ಎಂಬ ಆಸೆ ನನಗೆ.

“ಏನೂ ಆಗಲಿಲ್ಲ ಸಾರ್,” ಎಂದರು ಮೇಷ್ಟ್ರು. ಬೀರುವಿನಿಂದ ಸಿ.ಡಿ.ಗಳ ಡಬ್ಬಿ ತೆಗೆದರು. ಭಿನ್ನರಾಶಿ, ಸೌರಮಂಡಲ, ಜೀರ್ಣಾಂಗವ್ಯೂಹ. ಒಂದನ್ನು ಹಾಕಿದರು. ಡ್ರೈವು ಗುಂಯ್‌ಗುಟ್ಟಿ, ಸೂರ್ಯ ತಿರುಗಿದ.

ಹೇಗೆ? ಸಿ.ಡಿ. ಮಾಡಿದವರು ಪ್ಲೇಯರನ್ನೇ ಪಾಠದೊಳಗೆ ಸುತ್ತಿ ಒಂದೇ ಪ್ರೋಗ್ರಾಮಾಗಿ ಕೊಟ್ಟಿದ್ದರು. ಫ್ಲ್ಯಾಶ್‌ನವರು ಅದನ್ನು ಪ್ರೊಜೆಕ್ಟರ್ ಎನ್ನುತ್ತಿದ್ದರು. ಅದಕ್ಕೆ ಬ್ರೌಸರೂ ಬೇಡ, ಪ್ಲಗಿನ್ನೂ ಬೇಡ. ಆ ಮಷೀನಿಗೆ ಇಂಟರ್ನೆಟ್ ಕೂಡ ಇರಲಿಲ್ಲ. ವೈರು ಇಲಿ ಕಡಿದದ್ದು ಕಡಿದ ಹಾಗೇ ಇದೆಯಂತೆ. ಅಡೋಬಿಯ ಗಡುವು, ಕಳ್ಳರ ತುಣುಕು, ಎರಡೂ ಇಲ್ಲಿಗೆ ತಲುಪಲಿಲ್ಲ. ನಾನು ಈ ಓಡಾಟದಲ್ಲಿ ನೋಡಿದ ಫ್ಲ್ಯಾಶ್‌ಗಳಲ್ಲಿ ಅತ್ಯಂತ ಸುರಕ್ಷಿತವಾದದ್ದು ಇದೇ ಇರಬೇಕು. ಹೊಸ ಕಂಪ್ಯೂಟರ್ ಬಂದರೆ ತೊಂದರೆ, ಏಕೆಂದರೆ ಅದರಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ.

*

ನಡುವೆ ಒಂದು ಗೀಚು. ಫ್ಲ್ಯಾಶ್ ಬದುಕಿದ್ದಾಗಲೇ ‘ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ’ ಎನ್ನುವ ಸುಳ್ಳು ಡಬ್ಬಿಗಳು ಶುರುವಾಗಿದ್ದವು. ಒತ್ತಿದರೆ ಇಳಿಯುತ್ತಿದ್ದದ್ದು ವೈರಸ್ಸು. ನಿಜವಾದ ಡಬ್ಬಿಗೂ ಸುಳ್ಳು ಡಬ್ಬಿಗೂ ಭಾಯ್ ಒಂದೇ ಉತ್ತರ ಕೊಡುತ್ತಿದ್ದರು. ಈಗ ಅದೇ ಬೆರಳಿಗೆ ವಾಟ್ಸಾಪಿನಲ್ಲಿ ಟ್ರಾಫಿಕ್ ದಂಡದ ಚಲನ್ ಎಂದೋ ಮದುವೆಯ ಕರೆಯೋಲೆ ಎಂದೋ ಎಪಿಕೆ ಫೈಲು ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಬೆರಳು ಕೊಡುತ್ತದೆ.

*

ಮತ್ತೆ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿ. ಸತ್ತದ್ದನ್ನು ಹುಡುಕುತ್ತ ಹೋದವನಿಗೆ ಅದರ ದಾಯಾದಿ ಜೀವಂತ ಸಿಕ್ಕಿತು.

ಬಟ್ಟೆ ಅಂಗಡಿ. ಕ್ಯಾಷ್ ಕೌಂಟರಿನ ಕೆಳಗೆ ಸಿ.ಸಿ. ಟಿವಿಯ ದೃಶ್ಯ ದಾಖಲಿಸಿಡುವ ಡಿವಿಆರ್ ಡಬ್ಬಿ. ಪಕ್ಕದ ಹಳೇ ಕಂಪ್ಯೂಟರಿನಲ್ಲಿ ಕ್ಯಾಮೆರಾ ನೋಡಬೇಕಾದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆಯಬೇಕು. ಅದು ಆಕ್ಟಿವ್‌ಎಕ್ಸ್ ಎಂಬ ಪ್ಲಗಿನ್ ಕೇಳುತ್ತದೆ. ಯಾರು ಮಾಡಿದ್ದೆಂದು ಸಹಿ ಇಲ್ಲದ ಪ್ಲಗಿನ್ ಎಂದು ವಿಂಡೋಸ್ ತಡೆಯುತ್ತದೆ. ಆಗ ಭದ್ರತೆಯ ಸೆಟ್ಟಿಂಗನ್ನು ಕೆಳಗಿಳಿಸಬೇಕು, ಎಲ್ಲದಕ್ಕೂ ‘ಎನೇಬಲ್’ ಒತ್ತಬೇಕು. ಕಳ್ಳರನ್ನು ನೋಡಲು ಇಟ್ಟ ಸಾಧನ, ತನ್ನನ್ನು ನೋಡಬೇಕಿದ್ದರೆ ಮನೆಯ ಚಿಲಕ ತೆಗೆಯಿರಿ ಎನ್ನುತ್ತಿದೆ.

ಇದು ಈ ಒಂದು ಅಂಗಡಿಯ ವಿಚಿತ್ರವಲ್ಲ. ಕಡಿಮೆ ಬೆಲೆಯ ಡಿವಿಆರ್‌ಗಳು ವರ್ಷಗಟ್ಟಲೆ ಹೀಗೇ ಬಂದವು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಂಪನಿಯಲ್ಲಿ ಹಾಕಿದ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಇಂಥ ಡಿವಿಆರ್, ಕ್ಯಾಮೆರಾಗಳನ್ನೇ ಸೇನೆ ಮಾಡಿಕೊಂಡು ಅಮೆರಿಕದ ದೊಡ್ಡದೊಡ್ಡ ಜಾಲತಾಣಗಳನ್ನು ಕೆಲ ಗಂಟೆ ಕೆಡವಿತ್ತು. ಮರುವರ್ಷ, 2017ರಲ್ಲಿ, ಕರ್ನಾಟಕದಲ್ಲಿ ಸಾರ್ವಜನಿಕ ಸುರಕ್ಷತಾ ಕಾಯ್ದೆ ಬಂತು. ಜನ ಸೇರುವ ವಾಣಿಜ್ಯ ಜಾಗಗಳಲ್ಲಿ ಕ್ಯಾಮೆರಾ ಇರಲೇಬೇಕು, ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕು. ಕ್ಯಾಮೆರಾ ಇಡಿ ಎಂದು ಹೇಳಿದವರು ಇದ್ದಾರೆ. ಪ್ಲಗಿನ್ ಕಿತ್ತುಹಾಕಲು ಇಲ್ಲಿ ಅಡೋಬಿಯೂ ಇಲ್ಲ, ಗೂಗಲ್ಲೂ ಇಲ್ಲ. ಡಬ್ಬಿ ಮಾಡಿದವರ ಹೆಸರೇ ಡಬ್ಬಿಯ ಮೇಲಿಲ್ಲ.

2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ನಿವೃತ್ತಿಗೊಳಿಸಿತಲ್ಲ, ಆಗ ಏನು ಮಾಡಿದಿರಿ ಎಂದು ಕ್ಯಾಮೆರಾ ಹಾಕುವ ಹುಡುಗನನ್ನು ಕೇಳಿದೆ. ಅಂಗಡಿಯಲ್ಲೇ ಇದ್ದ.

“ಎಡ್ಜ್‌ನಲ್ಲಿ ಐಇ ಮೋಡ್ ಅಂತ ಇದೆ ಅಂಕಲ್. ಅದ್ರಲ್ಲಿ ಹಾಕ್ಕೊಟ್ಟಿದೀನಿ, ಓಡುತ್ತೆ.”

ಎಡ್ಜ್ ಎಂಬ ಹೊಸ ಬ್ರೌಸರಿನೊಳಗೆ ಹಳೇ ಎಕ್ಸ್‌ಪ್ಲೋರರಿನಂತೆ ನಡೆಯುವ ಈ ಐಇ ಮೋಡ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದನ್ನು ಅವನಿಗೆ ಹೇಳಿದೆ.

“ಅಲ್ಲೀವರ್ಗೂ ಈ ಡಬ್ಬ ಬರಲ್ಲ ಬಿಡಿ,” ಅಂದ. ಮಾನಿಟರಿನ ಅಂಚಿಗೆ ಅವನೇ ಅಂಟಿಸಿದ ಚೀಟಿಯಿತ್ತು, ಕನ್ನಡದಲ್ಲೂ ಉರ್ದುವಿನಲ್ಲೂ: ಅಪ್‌ಡೇಟ್ ಕೇಳಿದ್ರೆ ಒತ್ತಬೇಡಿ, ನಂಗೆ ಫೋನ್ ಮಾಡಿ.

ಅಂಗಡಿ ಯಜಮಾನರು ಮಾತ್ರ ಇಷ್ಟು ಹೊತ್ತೂ ಆ ಮಾನಿಟರಿನ ಕಡೆ ತಿರುಗಿಯೂ ನೋಡಿರಲಿಲ್ಲ. ನಾಲ್ಕೂ ಕ್ಯಾಮೆರಾ ಅವರ ಮೊಬೈಲಿನಲ್ಲೇ ಬರುತ್ತವಂತೆ, ಒಂದು ಆ್ಯಪ್ ಇದೆ. ಯಾವ ಕಂಪನಿಯದು ಎಂದೆ. ಐಕಾನ್ ತೋರಿಸಿದರು, ನೀಲಿ ಕಣ್ಣಿನ ಚಿತ್ರ. ಹೆಸರು ಓದಲು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಹಾಕುವಾಗ ಏನೇನೋ ಕೇಳಿತು, ಎಲ್ಲದಕ್ಕೂ ಹ್ಞೂಂ ಅಂದೆ ಎಂದರು.